ಎರಡೂವರೆ ಸೆಕೆಂಡಿನ ಆಟಗಾರನನ್ನು ಅಳೆಯುವುದು ಹೇಗೆ?



ಇಂದಿನ ವಿಷಯ ಸ್ವಲ್ಪ ದೂರದ್ದು. ಅದು ಅಮೆರಿಕನ್ ಫುಟ್‌ಬಾಲ್. ನಾವು ಕಾಲಿನಿಂದ ಒದ್ದು ಆಡುವ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ದೂರಕ್ಕೆ ಎಸೆಯುವ, ಮೈಗೆ ಮೈ ಕೊಟ್ಟು ತಡೆಯುವ ಆಟ. ಆ ದೇಶದ ಕಾಲೇಜು ತಂಡದಲ್ಲಿ ಹೆಸರು ಮಾಡಿದ ಯುವಕನೊಬ್ಬ ನಾಳೆ ವೃತ್ತಿಪರ ತಂಡದಲ್ಲಿಯೂ ಮಿಂಚಬಲ್ಲನೇ ಎಂಬುದನ್ನು ಮೊದಲೇ ಹೇಗೆ ಹೇಳುತ್ತಾರೆ? ಇದು ನಮ್ಮ ಪ್ರಶ್ನೆ. ಆಟದ ಪರಿಚಯವಿಲ್ಲದಿದ್ದರೂ ಚಿಂತೆಯಿಲ್ಲ. ಪ್ರಶ್ನೆ ಆಟಕ್ಕಿಂತ ಹೆಚ್ಚಾಗಿ ಅಳತೆಗೆ ಸಂಬಂಧಿಸಿದ್ದು. ಅಂಕಿಗಳನ್ನು ಹೇಗೆ ಓದಬೇಕು, ಎಲ್ಲಿ ನಂಬಬೇಕು, ಎಲ್ಲಿ ನಿಂತು ಯೋಚಿಸಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸುಲಭವಾಗಿ ಸಿಗುವುದಿಲ್ಲ.

ಮೊದಲು ಆಟದ ಸ್ಥೂಲ ಪರಿಚಯ. ಒಂದೊಂದು ತಂಡದಲ್ಲಿ ಹನ್ನೊಂದು ಮಂದಿ. ಚೆಂಡು ಹಿಡಿದ ತಂಡಕ್ಕೆ ಹತ್ತು ಗಜ ಮುಂದುವರಿಯಲು ನಾಲ್ಕು ಅವಕಾಶ. ಆ ತಂಡದ ಸೂತ್ರಧಾರ ಕ್ವಾರ್ಟರ್‌ಬ್ಯಾಕ್. ಚೆಂಡು ಕೈಗೆ ಬಂದ ಮೇಲೆ ಅದನ್ನು ತನ್ನವನೊಬ್ಬನಿಗೆ ಎಸೆಯಲು ಅವನಿಗೆ ದೊರೆಯುವ ಸಮಯ ಸುಮಾರು ಎರಡೂವರೆ ಸೆಕೆಂಡು. ಅಷ್ಟರೊಳಗೆ ಅವನ ಮೇಲೆ ನುಗ್ಗಬೇಕಾದವನೇ ಪಾಸ್ ರಷರ್. ಈತ ರಕ್ಷಣಾ ಸಾಲಿನ ಅಂಚಿನಲ್ಲಿ ನಿಲ್ಲುತ್ತಾನೆ. ಇವನ ಎದುರಿಗೆ ಗೋಡೆಯಂತೆ ನಿಲ್ಲುವವನು ಸುಮಾರು 140 ಕಿಲೋ ತೂಗುವ ಟ್ಯಾಕಲ್ ಎಂಬ ಆಟಗಾರ. ಆ ಗೋಡೆಯನ್ನು ದಾಟಿ, ಚೆಂಡು ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್‌ನನ್ನು ನೆಲಕ್ಕೆ ಕೆಡವಿದರೆ ಅದು ಒಂದು ಸ್ಯಾಕ್. ವೃತ್ತಿಪರ ಲೀಗ್ ಆದ ಎನ್.ಎಫ್.ಎಲ್. ಆಟಗಾರರ ಸ್ಯಾಕ್‌ಗಳನ್ನು ಅಧಿಕೃತವಾಗಿ ಲೆಕ್ಕವಿಡಲು ತೊಡಗಿದ್ದು 1982ರಲ್ಲಿ.

ಈ ಲೀಗ್‌ನ 32 ತಂಡಗಳು ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಪದ್ಧತಿಗೆ ಡ್ರಾಫ್ಟ್ ಎಂದು ಹೆಸರು. 1936ರಲ್ಲಿ ಆರಂಭವಾದ ಈ ಪದ್ಧತಿ 1994ರಿಂದ ಏಳು ಸುತ್ತುಗಳಲ್ಲಿ ನಡೆಯುತ್ತಿದೆ. ಹಿಂದಿನ ವರ್ಷ ಅತ್ಯಂತ ಹೆಚ್ಚು ಸೋತ ತಂಡಕ್ಕೆ ಮೊದಲ ಆಯ್ಕೆ; ಗೆದ್ದ ತಂಡಕ್ಕೆ ಕೊನೆಯ ಸರದಿ. ಆಟಗಾರ ತಂಡವನ್ನು ಆರಿಸುವುದಿಲ್ಲ. ತಂಡವೇ ಅವನನ್ನು ಆರಿಸುತ್ತದೆ. 2011ರ ಒಪ್ಪಂದದ ನಂತರ, ಹೊಸಬನ ಸಂಬಳವೂ ಬಹುಮಟ್ಟಿಗೆ ಅವನು ಎಷ್ಟನೆಯವನಾಗಿ ಆಯ್ಕೆಯಾದ ಎಂಬುದರ ಮೇಲೆಯೇ ನಿಂತಿದೆ. ಇಪ್ಪತ್ತೊಂದು, ಇಪ್ಪತ್ತೆರಡು ವರ್ಷದ ಹುಡುಗನ ಹೆಸರಿನ ಮುಂದೆ ಒಂದು ಕ್ರಮಸಂಖ್ಯೆ ಬೀಳುತ್ತದೆ. ಮುಂದೆ ಅವನು ಹೇಗೇ ಆಡಲಿ, ಜನ ಆ ಸಂಖ್ಯೆಯನ್ನು ಹಿಡಿದೇ ಅವನನ್ನು ತೂಗುತ್ತಾರೆ. ಆದ್ದರಿಂದ ಈ ಅಳತೆ ಬರಿಯ ತಮಾಷೆಯಲ್ಲ.

ಈಗ ಇಬ್ಬರನ್ನು ಹೋಲಿಸೋಣ.

ಮೊದಲನೆಯವನು ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ವರ್ನನ್ ಗೋಲ್‌ಸ್ಟನ್. 2007ರಲ್ಲಿ 14 ಸ್ಯಾಕ್ ಮಾಡಿ ತನ್ನ ವಿಶ್ವವಿದ್ಯಾಲಯದ ದಾಖಲೆ ಬರೆದ. ಸುಮಾರು 120 ಕಿಲೋ ತೂಗುವ ದೇಹ. ಆದರೂ 40 ಗಜದ ಓಟವನ್ನು 4.7 ಸೆಕೆಂಡಿಗಿಂತ ಕಡಿಮೆ ಸಮಯದಲ್ಲಿ ಮುಗಿಸಿದ. 225 ಪೌಂಡ್, ಅಂದರೆ ಸುಮಾರು 102 ಕಿಲೋ ಭಾರವನ್ನು ಮಲಗಿಕೊಂಡು 37 ಬಾರಿ ಎತ್ತಿದ. 2008ರ ಡ್ರಾಫ್ಟ್‌ನಲ್ಲಿ ನ್ಯೂಯಾರ್ಕ್ ಜೆಟ್ಸ್ ತಂಡ ಇವನನ್ನು ಆರನೆಯವನಾಗಿ ಆರಿಸಿತು.

ಎರಡನೆಯವನು ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಟೆರೆಲ್ ಸಗ್ಸ್. 2002ರಲ್ಲಿ 24 ಸ್ಯಾಕ್ ಮಾಡಿ ಕಾಲೇಜು ಆಟದ ಅಧಿಕೃತ ದಾಖಲೆ ಸ್ಥಾಪಿಸಿದ. ಆದರೆ ತಂಡಗಳ ಪರೀಕ್ಷಕರ ಮುಂದೆ ಓಡಿದಾಗ ಅದೇ 40 ಗಜಕ್ಕೆ 4.8 ಸೆಕೆಂಡಿಗಿಂತ ಹೆಚ್ಚು ಹಿಡಿಯಿತು. ನಿಧಾನದವನು ಎಂಬ ಮಾತು ಹಬ್ಬಿತು. 2003ರಲ್ಲಿ ಬಾಲ್ಟಿಮೋರ್ ರೇವನ್ಸ್ ತಂಡ ಹತ್ತನೆಯ ಸರದಿಯಲ್ಲಿ ಇವನನ್ನು ಆರಿಸಿಕೊಂಡಿತು.

ಫಲಿತಾಂಶ? ಗೋಲ್‌ಸ್ಟನ್ ಜೆಟ್ಸ್ ಪರವಾಗಿ ಮೂರು ವರ್ಷ ಆಡಿದ. ಒಂದು ಸ್ಯಾಕ್ ಕೂಡ ಸಿಗಲಿಲ್ಲ. ಸಗ್ಸ್ ಮೊದಲ ವರ್ಷವೇ 12 ಸ್ಯಾಕ್ ಮಾಡಿದ. 2011ರಲ್ಲಿ ಲೀಗ್‌ನ ವರ್ಷದ ಶ್ರೇಷ್ಠ ರಕ್ಷಣಾ ಆಟಗಾರನೆನಿಸಿದ. ಒಟ್ಟು 139 ಸ್ಯಾಕ್‌ಗಳೊಂದಿಗೆ ವೃತ್ತಿಜೀವನ ಮುಗಿಸಿದ.

ಹಾಗಾದರೆ ಓಟದ ಗಡಿಯಾರ ಸುಳ್ಳು, ಸ್ಯಾಕ್‌ಗಳ ಎಣಿಕೆ ನಿಜ ಎಂದು ತೀರ್ಮಾನಿಸಬಹುದೇ? ಅವಸರ ಬೇಡ. ಗೋಲ್‌ಸ್ಟನ್‌ನ 14 ಸ್ಯಾಕ್‌ಗಳೂ ನಿಜವೇ. ಎರಡೂ ಅಂಕಿಗಳು ಸತ್ಯವನ್ನೇ ಹೇಳಿದ್ದವು. ನಾವು ಕೇಳಬೇಕಾದದ್ದು ಬೇರೆ: ಈ ಅಂಕಿ ಯಾವ ಪ್ರಶ್ನೆಗೆ ಉತ್ತರ?

ಸ್ಯಾಕ್‌ಗಳ ಎಣಿಕೆಯನ್ನೇ ತೆಗೆದುಕೊಳ್ಳಿ. ಒಬ್ಬ ಆಟಗಾರ ಒಂದು ವರ್ಷದಲ್ಲಿ 400 ಬಾರಿ ಕ್ವಾರ್ಟರ್‌ಬ್ಯಾಕ್ ಕಡೆಗೆ ನುಗ್ಗಿದ, 10 ಸ್ಯಾಕ್ ಗಳಿಸಿದ ಎಂದಿಟ್ಟುಕೊಳ್ಳೋಣ. ಆಗೊಮ್ಮೆ ಈಗೊಮ್ಮೆ ನಡೆಯುವ ಇಂಥ ಘಟನೆಗಳ ಎಣಿಕೆಯಲ್ಲಿ ಆಕಸ್ಮಿಕದ ಏರಿಳಿತ ಸುಮಾರು ಅದರ ವರ್ಗಮೂಲದಷ್ಟು ಇರುತ್ತದೆಂದು ಸಂಖ್ಯಾಶಾಸ್ತ್ರ ಹೇಳುತ್ತದೆ. ಹತ್ತರ ವರ್ಗಮೂಲ ಸುಮಾರು ಮೂರು. ಅಂದರೆ ಅದೇ ಆಟಗಾರ, ಅದೇ ಶಕ್ತಿಯಿಂದ, ಇನ್ನೊಂದು ವರ್ಷ 7 ಅಥವಾ 13 ಸ್ಯಾಕ್ ಮಾಡಿದರೆ ಆಶ್ಚರ್ಯವಿಲ್ಲ. ಪತ್ರಿಕೆಗಳು ಏಳನ್ನು ಕುಸಿತವೆಂದೂ ಹದಿಮೂರನ್ನು ಏಳಿಗೆಯೆಂದೂ ಬರೆಯುತ್ತವೆ. ಹುಡುಗ ಮಾತ್ರ ಹಾಗೆಯೇ ಇರುತ್ತಾನೆ.

ಆದ್ದರಿಂದ ಪರಿಣತರು ಸ್ಯಾಕ್ ಜೊತೆಗೆ ಒತ್ತಡವನ್ನೂ ಎಣಿಸುತ್ತಾರೆ. ಕೆಡವಲಾಗದಿದ್ದರೂ ಎಷ್ಟು ಸಲ ಕ್ವಾರ್ಟರ್‌ಬ್ಯಾಕ್‌ನನ್ನು ಜಾಗ ಬಿಡಿಸಿದ, ಅವಸರದಲ್ಲಿ ಚೆಂಡು ಎಸೆಯುವಂತೆ ಮಾಡಿದ ಎಂಬ ಲೆಕ್ಕ ಇದು. ನಮ್ಮ ಉದಾಹರಣೆಯ ಆಟಗಾರ 60 ಸಲ ಹೀಗೆ ಒತ್ತಡ ತಂದಿದ್ದಾನೆ ಎನ್ನೋಣ. ಅರವತ್ತರ ವರ್ಗಮೂಲ ಸುಮಾರು ಎಂಟು. ಹತ್ತರಲ್ಲಿ ಮೂರು ಎಂದರೆ ಶೇಕಡಾ 30ರಷ್ಟು ಅನಿಶ್ಚಿತತೆ. ಅರವತ್ತರಲ್ಲಿ ಎಂಟು ಎಂದರೆ ಶೇಕಡಾ 13ರಷ್ಟು ಮಾತ್ರ. ಹೆಚ್ಚು ಸಲ ನಡೆಯುವುದನ್ನು ಎಣಿಸಿದರೆ ಅಳತೆ ಹೆಚ್ಚು ಗಟ್ಟಿಯಾಗುತ್ತದೆ. ಪ್ರಯೋಗಶಾಲೆಯಲ್ಲಿ ಒಂದೇ ಅಳತೆಯನ್ನು ಹಲವು ಬಾರಿ ತೆಗೆದುಕೊಳ್ಳಿ ಎಂದು ನಿಮ್ಮ ಅಧ್ಯಾಪಕರು ಹೇಳುವುದೂ ಇದಕ್ಕೇ.

ಎಣಿಕೆಯ ನಂತರ ನೋಟ. ಇಲ್ಲಿ ನನ್ನ ವೃತ್ತಿಯ ಮಾತೊಂದನ್ನು ಹೇಳಬೇಕು. ನಮ್ಮ ಟೆಲಿವಿಷನ್ ಕ್ಯಾಮೆರಾ ಚೆಂಡಿನ ಹಿಂದೆ ಹೋಗುತ್ತದೆ. ಪ್ರೇಕ್ಷಕರು ಬಯಸುವುದೂ ಅದನ್ನೇ. ಆದರೆ ಚೌಕಟ್ಟಿನ ಹೊರಗೆ ಏನು ನಡೆಯಿತು ಎಂಬುದು ಆಗ ತಿಳಿಯುವುದಿಲ್ಲ. ತಂಡಗಳ ಸ್ಕೌಟ್‌ಗಳು, ಅಂದರೆ ಪ್ರತಿಭೆಯನ್ನು ಹುಡುಕುವವರು, ನೋಡುವುದು ಬೇರೆ ಚಿತ್ರ. ಎತ್ತರದಿಂದ ಇಪ್ಪತ್ತೆರಡು ಮಂದಿಯೂ ಕಾಣುವಂತೆ ತೆಗೆದ ಅದನ್ನು ಆಲ್-ಟ್ವೆಂಟಿಟೂ ಎನ್ನುತ್ತಾರೆ. ಅದನ್ನು ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ಒಬ್ಬನನ್ನೇ ಹಿಂಬಾಲಿಸುತ್ತಾರೆ. ಚೆಂಡು ಅಲುಗಿದ ಕೂಡಲೇ ಮೊದಲ ಹೆಜ್ಜೆ ಇಟ್ಟನೇ? ಮೊದಲ ಪಟ್ಟು ವಿಫಲವಾದಾಗ ಎರಡನೆಯ ಪಟ್ಟು ಇದೆಯೇ? ಪಂದ್ಯದ ಕೊನೆಯಲ್ಲಿ ದಣಿದಾಗಲೂ ಓಡುತ್ತಾನೆಯೇ? ಎದುರಿಗೆ ನಿಂತವನು ಎಷ್ಟು ಸಮರ್ಥ? ಕೆಲವು ಸ್ಯಾಕ್‌ಗಳು ಎದುರಾಳಿ ತಡೆಯುವುದನ್ನೇ ಮರೆತಾಗ ಬರುತ್ತವೆ. ಕೆಲವು ಬಾರಿ ಟ್ಯಾಕಲ್‌ನನ್ನು ಪೂರ್ತಿ ಸೋಲಿಸಿಯೂ ಚೆಂಡು ಅರೆಕ್ಷಣ ಮೊದಲು ಹೊರಟುಹೋಗಿರುತ್ತದೆ. ಲೆಕ್ಕದ ಪುಸ್ತಕದಲ್ಲಿ ಮೊದಲನೆಯದು ಒಂದು, ಎರಡನೆಯದು ಸೊನ್ನೆ.

ಮೂರನೆಯದು ದೇಹದ ಪರೀಕ್ಷೆ. 1987ರಿಂದ ಇಂಡಿಯಾನಾಪೊಲಿಸ್ ನಗರದಲ್ಲಿ ಕಂಬೈನ್ ಎಂಬ ಪರೀಕ್ಷಾ ಶಿಬಿರ ನಡೆದುಬಂದಿದೆ. ಎತ್ತರ, ತೂಕ, ತೋಳಿನ ಉದ್ದ, ಜಿಗಿತ, ಓಟ, ವೈದ್ಯಕೀಯ ತಪಾಸಣೆ, ಸಂದರ್ಶನ ಎಲ್ಲವೂ ಅಲ್ಲಿವೆ. ಹೆಚ್ಚು ಸುದ್ದಿಯಾಗುವುದು 40 ಗಜದ ಓಟ. ಆದರೆ ಕ್ವಾರ್ಟರ್‌ಬ್ಯಾಕ್ ನಿಲ್ಲುವುದು ಸಾಲಿನಿಂದ ಕೆಲವೇ ಗಜ ಹಿಂದೆ. ಪಾಸ್ ರಷರ್ ತನ್ನ ಕೆಲಸದಲ್ಲಿ 40 ಗಜ ನೇರವಾಗಿ ಓಡುವ ಪ್ರಸಂಗ ಅಪರೂಪ. ಆದ್ದರಿಂದ ಅದೇ ಓಟದ ಮೊದಲ ಹತ್ತು ಗಜದ ಸಮಯ ಹೆಚ್ಚು ಉಪಯುಕ್ತ. ಅದಕ್ಕಿಂತಲೂ ಮುಖ್ಯವಾದದ್ದು ತಿರುವು.

ಇದನ್ನು ಭೌತಶಾಸ್ತ್ರದಿಂದ ನೋಡೋಣ. 120 ಕಿಲೋ ತೂಗುವ ಆಟಗಾರ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಟ್ಯಾಕಲ್‌ನನ್ನು ಬಳಸಿಕೊಂಡು 3 ಮೀಟರ್ ತ್ರಿಜ್ಯದ ವೃತ್ತದಲ್ಲಿ ತಿರುಗುತ್ತಾನೆ ಎನ್ನಿ. ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದರೆ ಬರುವ ವೇಗೋತ್ಕರ್ಷ ಸುಮಾರು 8.3. ಅದಕ್ಕೆ ಬೇಕಾದ ಕೇಂದ್ರಾಭಿಮುಖ ಬಲ ಸುಮಾರು 1000 ನ್ಯೂಟನ್. ನೂರು ಕಿಲೋ ಮೂಟೆಯ ಭಾರದಷ್ಟು. ಬೀಳದೆ ತಿರುಗಲು ಅವನ ದೇಹ ಲಂಬರೇಖೆಯಿಂದ ಸುಮಾರು 40 ಡಿಗ್ರಿ ಒಳಕ್ಕೆ ವಾಲಬೇಕು, ಅದೂ ಪಕ್ಕದಿಂದ 140 ಕಿಲೋದವನೊಬ್ಬ ತಳ್ಳುತ್ತಿರುವಾಗ! ಕಣಕಾಲು ಮತ್ತು ಸೊಂಟ ಅಷ್ಟು ಬಾಗದಿದ್ದರೆ ಅವನು ವೃತ್ತವನ್ನು ದೊಡ್ಡದು ಮಾಡಬೇಕಾಗುತ್ತದೆ. ದೂರ ಹೆಚ್ಚುತ್ತದೆ; ಎರಡೂವರೆ ಸೆಕೆಂಡು ಮುಗಿದುಹೋಗುತ್ತದೆ. ನೇರ ಓಟದ ಗಡಿಯಾರ ಇದನ್ನು ಹೇಳಲಾರದು. ಬೆಂಚಿನ ಮೇಲೆ ಮಲಗಿ ಭಾರ ಎತ್ತುವುದಂತೂ ಹೇಳಲಾರದು.

ಪರೀಕ್ಷೆಯಲ್ಲಿ ಇನ್ನೊಂದು ತೊಡಕಿದೆ. ಏನನ್ನು ಅಳೆಯುತ್ತಾರೆಂದು ಗೊತ್ತಾದ ಕೂಡಲೇ ಜನ ಅದಕ್ಕೆಂದೇ ತಯಾರಾಗುತ್ತಾರೆ. 1995ರಲ್ಲಿ ಬೋಸ್ಟನ್ ಕಾಲೇಜಿನ ಮೈಕ್ ಮಮುಲಾ ಕಂಬೈನ್‌ನ ಪರೀಕ್ಷೆಗಳನ್ನೇ ಮುಂಚಿತವಾಗಿ ಅಭ್ಯಾಸ ಮಾಡಿಕೊಂಡು ಹೋಗಿ ಎಲ್ಲರನ್ನೂ ಬೆರಗುಗೊಳಿಸಿದ. ಫಿಲಡೆಲ್ಫಿಯಾ ಈಗಲ್ಸ್ ತಂಡ ಅವನನ್ನು ಏಳನೆಯವನಾಗಿ ಆರಿಸಿತು. ಅವನು ಗಳಿಸಿದ್ದು ಒಟ್ಟು 31.5 ಸ್ಯಾಕ್ (ಇಬ್ಬರು ಸೇರಿ ಕೆಡವಿದರೆ ಅರ್ಧರ್ಧ ಹಂಚುತ್ತಾರೆ). ಕೆಟ್ಟ ಆಟಗಾರನಲ್ಲ. ಆದರೆ ಏಳನೆಯ ಸ್ಥಾನ ಹುಟ್ಟಿಸಿದ ನಿರೀಕ್ಷೆಯಷ್ಟು ದೊಡ್ಡವನೂ ಆಗಲಿಲ್ಲ. ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳನ್ನು ಬಿಡಿಸಿ ಅಂಕ ಗಳಿಸಿದವನಿಗೆ ವಿಷಯ ಎಷ್ಟು ಬಂತು ಎಂಬ ಪ್ರಶ್ನೆ ನಿಮಗೆ ಹೊಸದಲ್ಲ.

ನಾಲ್ಕನೆಯದು, ಬಹಳ ಮಂದಿ ಮರೆಯುವುದು: ಅವನನ್ನು ಎಲ್ಲಿ ನಿಲ್ಲಿಸುತ್ತಾರೆ? ಗೋಲ್‌ಸ್ಟನ್ ಕಾಲೇಜಿನಲ್ಲಿ ಕೈಯನ್ನು ನೆಲಕ್ಕೂರಿ ಸಾಲಿನ ತುದಿಯಿಂದ ನುಗ್ಗುವವನಾಗಿದ್ದ. ಜೆಟ್ಸ್ ತಂಡದ ರಕ್ಷಣಾ ವ್ಯೂಹವೇ ಬೇರೆ. ಅಲ್ಲಿ ಅವನನ್ನು ಹೊರಬದಿಯ ಲೈನ್‌ಬ್ಯಾಕರ್ ಆಗಿ ನಿಲ್ಲಿಸಿದರು. ಆ ಸ್ಥಾನದವನು ನಿಂತುಕೊಂಡು ಆಟವನ್ನು ಓದಬೇಕು, ಕೆಲವೊಮ್ಮೆ ಹಿಂದೆ ಸರಿದು ಕಾಯಬೇಕು. ಅವನ ವೈಫಲ್ಯಕ್ಕೆ ಇದೊಂದೇ ಕಾರಣವೆಂದು ಹೇಳಲಾಗದು. ಆದರೆ ಆಯ್ಕೆಯ ದಿನ ಹೇಳುವ ಭವಿಷ್ಯ ಆಟಗಾರನೊಬ್ಬನ ಬಗ್ಗೆ ಮಾತ್ರವಲ್ಲ. ಅವನನ್ನು ಬಳಸಿಕೊಳ್ಳುವವರ ಬಗ್ಗೆಯೂ ಹೌದು. ಸೋತಾಗ ಹೆಸರು ಕೆಡುವುದು ಮಾತ್ರ ಆಟಗಾರನದು.

ಇಷ್ಟೆಲ್ಲ ಎಚ್ಚರ ವಹಿಸಿದರೂ ತಪ್ಪು ತಪ್ಪುವುದಿಲ್ಲ. 2004ರಲ್ಲಿ ಐಡಾಹೋ ಸ್ಟೇಟ್ ಎಂಬ, ದೊಡ್ಡ ತಂಡಗಳ ಸಾಲಿಗೆ ಸೇರದ ವಿಶ್ವವಿದ್ಯಾಲಯದಿಂದ ಜಾರೆಡ್ ಆಲೆನ್ ಬಂದ. ಎಲ್ಲ ತಂಡಗಳೂ ಅವನನ್ನು ಮತ್ತೆ ಮತ್ತೆ ದಾಟಿ ಮುಂದೆ ಹೋದವು. ನಾಲ್ಕನೆಯ ಸುತ್ತಿನಲ್ಲಿ 126ನೆಯವನಾಗಿ ಕಾನ್ಸಾಸ್ ಸಿಟಿ ತಂಡ ಅವನನ್ನು ಕರೆಯಿತು. ಅವನು ಒಟ್ಟು 136 ಸ್ಯಾಕ್ ಗಳಿಸಿ, 2025ರಲ್ಲಿ ವೃತ್ತಿಪರ ಫುಟ್‌ಬಾಲ್‌ನ ಹಾಲ್ ಆಫ್ ಫೇಮ್ ಸೇರಿದ. ದುರ್ಬಲ ಎದುರಾಳಿಗಳ ಮುಂದೆ ಆಡಿದವನು ಎಂಬ ಅನುಮಾನ ಅತಾರ್ಕಿಕವಾಗಿರಲಿಲ್ಲ. ಸಾಮಾನ್ಯವಾಗಿ ಸರಿಯಾಗುವ ನಿಯಮ ಈ ಒಬ್ಬನ ವಿಷಯದಲ್ಲಿ ತಪ್ಪಾಯಿತು, ಅಷ್ಟೆ. ಒಳ್ಳೆಯ ಸ್ಕೌಟ್ ಇದನ್ನು ಬಲ್ಲ. ಅವನ ವರದಿಯಲ್ಲಿ ಆಟಗಾರ ಏನನ್ನು ಮಾಡಬಲ್ಲ ಎಂಬುದರ ಪಕ್ಕದಲ್ಲಿ, ತನಗೆ ಯಾವುದು ಇನ್ನೂ ಕಂಡಿಲ್ಲ ಎಂಬುದೂ ಬರೆದಿರುತ್ತದೆ.

ನಿಮಗೊಂದು ಚಟುವಟಿಕೆ. ಮುಂದಿನ ಬಾರಿ ನಿಮ್ಮ ಕಾಲೇಜಿನ ಮೈದಾನದಲ್ಲಿ ಯಾವುದೇ ಪಂದ್ಯ ನಡೆದಾಗ, ಚೆಂಡನ್ನು ಬಿಟ್ಟು ಒಬ್ಬ ಆಟಗಾರನನ್ನೇ ಅರ್ಧ ಗಂಟೆ ನೋಡಿ. ಅವನು ಎಷ್ಟು ಸಲ ಪ್ರಯತ್ನಿಸಿದ, ಎಷ್ಟು ಸಲ ಎದುರಾಳಿಯನ್ನು ತೊಂದರೆಗೆ ಸಿಕ್ಕಿಸಿದ, ಎಷ್ಟು ಸಲ ಫಲ ಸಿಕ್ಕಿತು ಎಂದು ಮೂರು ಸಾಲಿನಲ್ಲಿ ಗುರುತು ಹಾಕಿ. ಆಮೇಲೆ ಮೂರನೆಯ ಸಾಲನ್ನು ಕೈಯಿಂದ ಮುಚ್ಚಿ, ಉಳಿದೆರಡನ್ನು ಮಾತ್ರ ನೋಡಿ ಅವನ ಬಗ್ಗೆ ನಾಲ್ಕು ವಾಕ್ಯ ಬರೆಯಿರಿ. ಅಂಕಪಟ್ಟಿಯಲ್ಲಿ ಕಾಣದ ಒಬ್ಬ ಆಟಗಾರ ನಿಮ್ಮ ಹಾಳೆಯ ಮೇಲೆ ಕಾಣಿಸಿಕೊಳ್ಳಬಹುದು.