ಊರವರಿಗೆ ಟಿಕೆಟ್, ನೆಂಟರಿಗೆ ಫ್ರೀ!



ಸಿಂಗಾಪುರಕ್ಕೆ ಹೋಗಿ ಬಂದವರ ಮೊಬೈಲಿನಲ್ಲಿ ಒಂದು ಫೋಟೋ ಇದ್ದೇ ಇರುತ್ತೆ. ಮೂರು ಎತ್ತರದ ಕಟ್ಟಡ, ಅವುಗಳ ತಲೆ ಮೇಲೆ ಅಡ್ಡಲಾಗಿ ಇಟ್ಟ ಹಡಗು! ಅದೇ ಮರೀನಾ ಬೇ ಸ್ಯಾಂಡ್ಸ್. 2010ರಲ್ಲಿ ಶುರುವಾದ ಕ್ಯಾಸಿನೋ ರೆಸಾರ್ಟ್.

ನಾನು ಓದಿದ್ದು ಇಂಜಿನಿಯರಿಂಗ್. ಹಾಗಾಗಿ ಆ ಕಟ್ಟಡಕ್ಕೆ ಕೈ ಮುಗಿಯಲೇಬೇಕು. 55 ಅಂತಸ್ತಿನ ಮೂರು ಗೋಪುರ, ಮೇಲೆ 340 ಮೀಟರ್ ಉದ್ದದ ಉದ್ಯಾನ, ಅದರಲ್ಲಿ 150 ಮೀಟರ್ ಈಜುಕೊಳ. ವಿನ್ಯಾಸ ಮೋಶೆ ಸಫ್ದಿ ಅವರದು. ಕೆಳಗೆ ಮಾಲ್, ಮಾಲ್ ಒಳಗೇ ಕಾಲುವೆ, ಕಾಲುವೆಯಲ್ಲಿ ದೋಣಿ. ಪಕ್ಕದಲ್ಲಿ ತಾವರೆ ಹೂವಿನಂಥ ಮ್ಯೂಸಿಯಂ.

ಆದ್ರೆ ಇಷ್ಟೆಲ್ಲದರ ನಡುವೆ ನಾನು ಹೇಳಬೇಕೆಂದಿರೋದು ಒಂದೇ ಒಂದು ಬಾಗಿಲಿನ ಬಗ್ಗೆ. ಕ್ಯಾಸಿನೋ ಬಾಗಿಲು.

21 ವರ್ಷ ತುಂಬಿದ ವಿದೇಶಿ ಪ್ರವಾಸಿಗರು ಪಾಸ್‌ಪೋರ್ಟ್ ತೋರಿಸಿ ಒಳಗೆ ಹೋಗಬಹುದು. ಪ್ರವೇಶ ಶುಲ್ಕ ಇಲ್ಲ. ಅದೇ ಸಿಂಗಾಪುರದ ಪ್ರಜೆ? 24 ಗಂಟೆಗೆ 150 ಸಿಂಗಾಪುರ ಡಾಲರ್! ಮೊದಲು 100 ಇತ್ತು, 2019ರಲ್ಲಿ ಏರಿಸಿದರು. ಅಲ್ಲಿನ ಕಾಯಂ ನಿವಾಸಿಗಳಿಗೂ ಇದೇ ನಿಯಮ. ದಿವಾಳಿಯಾಗಿ ಇನ್ನೂ ಬಿಡುಗಡೆ ಆಗದವರಿಗೆ, ಸರ್ಕಾರದ ನೆರವಿನಲ್ಲಿ ಬದುಕುವವರಿಗೆ ಪ್ರವೇಶವೇ ಇಲ್ಲ. ಗಂಡ ಜೂಜಿಗೆ ಬಿದ್ದಿದ್ದಾನೆ ಅಂತ ಹೆಂಡತಿ ಅರ್ಜಿ ಹಾಕಿ, ಅವನನ್ನು ಒಳಗೆ ಬಿಡದಂತೆ ಆದೇಶವನ್ನೂ ಕೇಳಬಹುದು.

ಏನಿದರ ಅರ್ಥ? 2005ರಲ್ಲಿ ಕ್ಯಾಸಿನೋಗೆ ಒಪ್ಪಿಗೆ ಕೊಟ್ಟ ಸರ್ಕಾರಕ್ಕೆ ಪ್ರವಾಸಿಗರು ಬೇಕಿತ್ತು, ಉದ್ಯೋಗ ಬೇಕಿತ್ತು. ಆದರೆ ಒಳಗಿರೋದು ಏನು ಅನ್ನೋದೂ ಅದಕ್ಕೆ ಚೆನ್ನಾಗಿ ಗೊತ್ತಿತ್ತು.

ಲೆಕ್ಕ ಬಹಳ ಸುಲಭ ಸ್ವಾಮಿ. ಒಂದೇ ಸೊನ್ನೆ ಇರುವ ರೂಲೆಟ್ ಚಕ್ರ ತಗೊಳ್ಳಿ. ಅದರಲ್ಲಿ 37 ಮನೆ. ನಿಮ್ಮ ನಂಬರ್ ಬಂದರೆ ಒಂದಕ್ಕೆ 35 ಕೊಡ್ತಾರೆ. ಸರಿಸಮನಾಗಿ ಕೊಡೋದಾದ್ರೆ 36 ಕೊಡಬೇಕು. ಆ ಒಂದು ಎಲ್ಲಿ ಹೋಯ್ತು? ಅಷ್ಟೇ ವ್ಯಾಪಾರ. ಮೋಸ ಏನಿಲ್ಲ, ಗಣಿತ. ಒಂದು ದಿನ ನೀವು ಗೆಲ್ಲಬಹುದು. ಆಡ್ತಾ ಹೋದಷ್ಟೂ ಲೆಕ್ಕ ಕ್ಯಾಸಿನೋ ಕಡೆಗೇ ವಾಲುತ್ತೆ.

ಹೋಗಿ, ಬೇಡ ಅನ್ನಲ್ಲ. ಲಿಫ್ಟ್ ಹತ್ತಿ, ಮೇಲಿಂದ ಊರು ನೋಡಿ, ಫೋಟೋ ತೆಗೀರಿ. ಆದ್ರೆ ಆ ಫ್ರೀ ಬಾಗಿಲ ಮುಂದೆ ಒಂದು ನಿಮಿಷ ನಿಲ್ಲಿ. ಅಲ್ಲಿನವರನ್ನು ತಡೆಯೋಕೆ ಅವರ ಸರ್ಕಾರ ನಿಂತಿದೆ. ನಮ್ಮನ್ನು ತಡೆಯೋಕೆ ಅಲ್ಲಿ ಇರೋದು ನಾವೇ.

ಯೋಚನೆ ಮಾಡಿ.