ಪುಣೆಯ ಮೇಷ್ಟ್ರು, ಕಡಲಿನ ಕವಿ

ಫರ್ಗ್ಯುಸನ್ ಕಾಲೇಜ್ ರಸ್ತೆಯಲ್ಲಿ ನೀವು ದಿನಾ ಓಡಾಡುತ್ತೀರಿ. ಬೇಂದ್ರೆಯವರು ಬಿ.ಎ. ಓದಿದ ಆ ಕಾಲೇಜಿಗೆ 1931ರಲ್ಲಿ ಇಂಗ್ಲಿಷ್ ಕಲಿಸಲು ಬಂದವರು ಸವಣೂರಿನ ತರುಣ ವಿ.ಕೃ. ಗೋಕಾಕ. ಕಾವ್ಯನಾಮ ವಿನಾಯಕ. ಬೇಂದ್ರೆಯವರನ್ನೇ ಗುರುವೆಂದು ನಂಬಿದವರು.

1936ರಲ್ಲಿ ಆಕ್ಸ್‌ಫರ್ಡಿಗೆ ಹೊರಟಾಗ ಹಡಗಿನಿಂದ ಕಂಡ ಕಡಲು ಅವರ ಕವಿತೆಯನ್ನೇ ಬದಲಿಸಿತು. 1940ರ ‘ಸಮುದ್ರ ಗೀತೆಗಳು’ ನೋಡಿ. ಅಲೆಗೆ ಅಳತೆಯ ಸಾಲು ಸಾಲದೆಂಬಂತೆ ಛಂದಸ್ಸಿನ ಕಟ್ಟು ಸಡಿಲಿಸಿದರು. ಗುರುಗಳ ಹಾಡಿಗೆ ನಾಡೇ ತಲೆದೂಗುತ್ತಿದ್ದಾಗ ಹಾಡಲು ಬಾರದ ಪದ್ಯ ಬರೆಯುವುದು ಸಣ್ಣ ಧೈರ್ಯವೇ? ದೂರದ ಫಿನ್‌ಲೆಂಡಿನಲ್ಲಿ ಸ್ವೀಡಿಷ್ ಭಾಷೆಯ ಕವಯಿತ್ರಿ ಎಡಿತ್ ಸೋಡರ್‌ಗ್ರಾನ್ 1916ರಲ್ಲೇ ಪ್ರಾಸದ ಹಂಗು ತೊರೆದು, ಮುಂದೆ ಪತ್ರಿಕೆಗಳಲ್ಲಿ ಗೇಲಿಗೂ ಒಳಗಾಗಿದ್ದರು.

1950ರ ಸುಮಾರಿಗೆ ಹೊಸ ಕಾವ್ಯಕ್ಕೆ ‘ನವ್ಯ’ ಎಂದು ಹೆಸರಿಟ್ಟವರೂ ಗೋಕಾಕರೇ. ಆದರೆ ಆ ಮನೆಯಲ್ಲಿ ಸಂಸಾರ ಹೂಡಿದವರು ಅಡಿಗರು! ಗೋಕಾಕರು ಅರವಿಂದರ ಕಡೆಗೆ, ಮಹಾಕಾವ್ಯದ ಕಡೆಗೆ ನಡೆದರು. ‘ಭಾರತ ಸಿಂಧು ರಶ್ಮಿ’ ಬರೆದರು, 1990ರ ಜ್ಞಾನಪೀಠ ಬಂತು. ನನಗಂತೂ ಆ ಸಮುದ್ರದ ಪದ್ಯಗಳೇ ಹೆಚ್ಚು ಇಷ್ಟ. ಪುಸ್ತಕ ಸಿಕ್ಕರೆ ಗಟ್ಟಿಯಾಗಿ ಓದಿ ನೋಡಿ. ರಾಗ ಹಾಕಲು ಮಾತ್ರ ಹೋಗಬೇಡಿ.