ಎಡವು: ಒಂದು ಕ್ರಿಯಾಪದದ ಚರಿತ್ರೆ



ಮುಳಿಯ ತಿಮ್ಮಪ್ಪಯ್ಯನವರ (1888–1950) ಸೀಮೆ ಈ ವಿಟ್ಲ. ‘ನಾಡೋಜ ಪಂಪ’ ಬರೆದ ಆ ವಿದ್ವಾಂಸರ ಊರಿನಲ್ಲಿ ಪದವಿಚಾರ ಮಾಡುವುದು ನನ್ನ ಭಾಗ್ಯ. ಇಂದು ನಾನು ಎತ್ತಿಕೊಂಡಿರುವುದು ಒಂದೇ ಒಂದು ಕ್ರಿಯಾಪದ: ಎಡವು.

ಇದರ ಹಳೆಯ ರೂಪ ಎಡಪು. ಪಕಾರ ಹಕಾರವಾಗಿ ಎಡಹು, ಆಮೇಲೆ ಎಡವು. ತಿಳಿಪು ತಿಳುಹು ಆದದ್ದು, ಕಳಿಪು ಕಳುಹು ಆದದ್ದು ಇದೇ ಬಗೆಯಲ್ಲಿ. ತಮಿಳಿನಲ್ಲೂ ಮಲಯಾಳದಲ್ಲೂ ಇದರ ನಂಟಿನ ಧಾತು ‘ಇಡಱು’. ಅವರ ಇಕಾರದ ಜಾಗದಲ್ಲಿ ನಮ್ಮಲ್ಲಿ ಎಕಾರ ಬಂದದ್ದು ಆಕಸ್ಮಿಕವಲ್ಲ. ತಮಿಳಿನ ಇಲೈ ನಮಗೆ ಎಲೆ, ಇಡೈ ನಮಗೆ ಎಡೆ. ಮೂಲದಲ್ಲಿ ಮುಂದಿನ ಅಕ್ಷರ ಅಕಾರವಾಗಿದ್ದಲ್ಲಿ ಇಕಾರ ಎಕಾರಗಳು ಹೀಗೆ ಅದಲುಬದಲಾಗುವುದನ್ನು ಭಾಷಾವಿಜ್ಞಾನಿಗಳು ನಿಯಮವೆಂದೇ ಒಪ್ಪಿದ್ದಾರೆ.

ಎಡಗಾಲು ತಾಗಿದರೆ ‘ಎಡವು’ ಎಂದು ಅರ್ಥ ಹೇಳುವವರಿದ್ದಾರೆ. ಕೇಳಲು ಚೆನ್ನಾಗಿದೆ, ಆದರೆ ನಾನು ಒಪ್ಪುವುದಿಲ್ಲ. ಬಲಗಾಲು ತಾಗಿದರೂ ನಾವು ಎಡವಿದೆವೆಂದೇ ಹೇಳುತ್ತೇವೆ. ಬರೋ ಮತ್ತು ಎಮೆನೋ ಅವರ ದ್ರಾವಿಡ ವ್ಯುತ್ಪತ್ತಿ ಕೋಶವೂ (1961, ಪರಿಷ್ಕೃತ ಮುದ್ರಣ 1984) ‘ಎಡ’ ಮತ್ತು ‘ಎಡವು’ ಪದಗಳನ್ನು ಬೇರೆ ಬೇರೆಯಾಗಿಯೇ ಇರಿಸಿದೆ.

ಎಡವಿದವನು ಬೀಳುತ್ತಾನೆ. ಹಳಗನ್ನಡದಲ್ಲಿ ಇದು ಬೀೞ್. ಬಿೞ್ದು ಎಂಬುದು ಬಿರ್ದು ಆಯಿತು, ಬಿರ್ದು ಬಿದ್ದು ಆಯಿತು. ತುಳುವಿನಲ್ಲಿ ಬೀಳುವುದಕ್ಕೆ ಬೂರು ಎನ್ನುತ್ತಾರೆ. ಕೋೞಿ ನಮಗೆ ಕೋಳಿ, ತುಳುವರಿಗೆ ಕೋರಿ; ಬಾೞೆ ನಮಗೆ ಬಾಳೆ, ಅವರಿಗೆ ಬಾರೆ. ಕನ್ನಡ ‘ಬಿರ್ದು’ವಿನಲ್ಲಿ ಕಾಣಿಸಿ ಕಳೆದುಹೋದ ರಕಾರ ತುಳುವಿನಲ್ಲಿ ಗಟ್ಟಿಯಾಗಿ ನಿಂತಿದೆ. ವಿಟ್ಲದ ಒಂದೇ ಅಂಗಳದಲ್ಲಿ ಒಬ್ಬರು ‘ಬಿದ್ದ’ ಎಂದು, ಇನ್ನೊಬ್ಬರು ‘ಬೂರಿಯೆ’ ಎಂದು ಕೂಗಿದಾಗ, ಹಳಗನ್ನಡದ ಪಾಠವನ್ನು ಬೇರೆ ಕಡೆ ಹುಡುಕಬೇಕಾಗಿಲ್ಲ.

ಆದರೆ ಧ್ವನಿಗಿಂತಲೂ ನನ್ನನ್ನು ಹಿಡಿದು ನಿಲ್ಲಿಸಿದ್ದು ಅರ್ಥ. ಗುಡ್ಡೆಯಿಂದ ಸೊಪ್ಪಿನ ಹೊರೆ ಹೊತ್ತು ತೋಟಕ್ಕೆ ಇಳಿಯುವವರನ್ನು ನೆನೆಯಿರಿ. ತಲೆಯ ಮೇಲಿನ ಹೊರೆ ಕಣ್ಣಿಗೆ ಅಡ್ಡ, ಕೆಳಗೆ ಮುರಕಲ್ಲಿನ ಮೆಟ್ಟಿಲು. ಕಲ್ಲಿನ ಮೊನೆ ಹೆಬ್ಬೆರಳಿಗೆ ತಾಗಿದರೆ ಅದು ಎಡವುವುದು. ತಾಗಿದ ರಭಸಕ್ಕೆ ಮೈ ಮುಂದಕ್ಕೆ ವಾಲಿದರೆ ಮುಗ್ಗರಿಸುವುದು. ಬಳ್ಳಿ ಕಾಲಿಗೆ ಸಿಕ್ಕಿಕೊಂಡರೆ ತೊಡರುವುದು. ಹಾವಸೆ ಕಟ್ಟಿದ ಸಂಕದ ಮೇಲೆ ಜಾರುವುದು. ಕಣಿ ದಾಟುವಾಗ ಪಾದ ಹೊರಳಿದರೆ ಉಳುಕುವುದು. ಎಡವುವುದಕ್ಕೆ ಎದುರಿಗೆ ಒಂದು ವಸ್ತು ಬೇಕೇ ಬೇಕು, ಜಾರುವುದಕ್ಕೆ ನೆಲವೇ ಕೈಕೊಡಬೇಕು. ನಿಘಂಟಿನಲ್ಲಿ ಒಂದರ ಅರ್ಥಕ್ಕೆ ಇನ್ನೊಂದನ್ನು ಬರೆದು ಮುಗಿಸುವುದುಂಟು. ತೋಟದಲ್ಲಿ ದುಡಿಯುವವರು ಇವುಗಳನ್ನು ಎಂದೂ ಬೆರೆಸುವುದಿಲ್ಲ. ಏರು, ತಗ್ಗು, ಕಣಿ, ಕಟ್ಟಪುಣಿಗಳ ಈ ನೆಲದಲ್ಲಿ ಯಾವ ಪದ ಹೇಳಿದಿರಿ ಎಂಬುದರ ಮೇಲೆಯೇ ಮುಂದೆ ನಡೆಯುವವನ ಎಚ್ಚರ ನಿಂತಿದೆ.

ತಡವರಿಸು ಎಂಬ ಪದಕ್ಕೆ ಕಾಲೂ ಸರಿ, ನಾಲಗೆಯೂ ಸರಿ. ತಡವು ಎಂದರೆ ಕೈಯಿಂದ ಮುಟ್ಟಿ ನೋಡು. ಅಲ್ಲಿಂದ ಅದು ದಾರಿ ತಿಳಿಯದ ಕಾಲಿಗೂ ಮಾತು ಸಿಗದ ನಾಲಗೆಗೂ ಹಬ್ಬಿತು. ದೂರದ ಸ್ಕಾಟ್ಲೆಂಡಿನ ಮಾತಿನಲ್ಲೂ ಇಂಥದೇ ಒಂದು ಪದವಿದೆ: ಸ್ಟ್ಯಾಮರ್. ಇಂದಿನ ಇಂಗ್ಲಿಷಿನಲ್ಲಿ ಅದು ತೊದಲುವುದಕ್ಕಷ್ಟೇ ಸಲ್ಲುತ್ತದೆ, ಸ್ಕಾಟರಲ್ಲಿ ಕಾಲು ಮುಗ್ಗರಿಸುವುದಕ್ಕೂ ಅದೇ ಪದ. ಈ ಅರ್ಥವನ್ನು ದಾಖಲಿಸಿದ್ದು ಅವರ ರಾಷ್ಟ್ರೀಯ ನಿಘಂಟು. 1931ರಿಂದ 1976ರವರೆಗೆ ಹತ್ತು ಸಂಪುಟಗಳಲ್ಲಿ ಬಂದ ಆ ಕೋಶದಲ್ಲಿ ಯಾವ ಪದ ಯಾವ ಸೀಮೆಯದೆಂದು ಗುರುತು ಹಾಕಿದ್ದಾರೆ.

ನಮ್ಮಲ್ಲೂ ಇಂಥ ಕೆಲಸ ನಡೆದಿದೆ. ಮೆನ್ನರ್ ಅವರ ತುಳು ನಿಘಂಟು 1886ರಲ್ಲಿ, ಕಿಟ್ಟೆಲ್ಲರ ಕನ್ನಡ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಬಂದವು. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರ ಯು. ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ತುಳು ನಿಘಂಟಿನ ಆರು ಸಂಪುಟಗಳನ್ನು ಹೊರತಂದಿತು. ಆದರೂ ತುಳು, ಕನ್ನಡ, ಹವ್ಯಕ, ಕೊಂಕಣಿ, ಮಲಯಾಳ, ಬ್ಯಾರಿ ಆರೂ ಕೂಡಿ ಬಾಳುವ ವಿಟ್ಲ ಸೀಮೆಗೆ ತನ್ನದೇ ಆದ ಪದಕೋಶ ಬೇಕು.

ಹೊರೆ ಹೊರುವ ಕೆಲಸ ಇಂದು ಕಡಮೆಯಾಗಿದೆ, ಕಾಲುದಾರಿಗಳಿಗೆ ಕಾಂಕ್ರೀಟು ಬಿದ್ದಿದೆ. ಆ ದಾರಿಗಳನ್ನು ನಡೆದ ಹಿರಿಯರು ಇನ್ನೂ ನಿಮ್ಮ ಮನೆಗಳಲ್ಲಿದ್ದಾರೆ. ಇಲ್ಲಿರುವ ಅಧ್ಯಾಪಕರಲ್ಲಿ, ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಇಷ್ಟೇ: ಅವರ ಬಳಿ ಕುಳಿತು ಎಡವುವ, ಜಾರುವ, ಬೀಳುವ ಮಾತುಗಳನ್ನು ಕೇಳಿ ಬರೆದುಕೊಳ್ಳಿ. ಪ್ರತಿ ಪದದ ಮುಂದೆ ಊರಿನ ಹೆಸರು ಮತ್ತು ಅದು ಯಾವ ಕೆಲಸದ ನಡುವೆ ಬಂದ ಮಾತು ಎಂಬುದನ್ನೂ ಬರೆಯಿರಿ. ಈ ಮಳೆಗಾಲದಲ್ಲೇ ಶುರು ಮಾಡಿ.